ಬುಜುರ್ಗರು ಗಿಟಾರ್ ಕಲಿಯಬಾರದೆ?

ನಮ್ಮ ಊರಿನ ಹೆಸರಿನ ಜೊತೆಗೆ ಆವರಣದೊಳಗೆ ಒಂದು ಅಕ್ಷರ ಅಂಟಿಕೊಂಡಿದೆ. ಬಸ್ಸಿನ ಬೋರ್ಡಿನಲ್ಲಿ, ರೇಷನ್ ಕಾರ್ಡಿನಲ್ಲಿ, ಮಕ್ಕಳ ಅಂಕಪಟ್ಟಿಯಲ್ಲಿ ಎಲ್ಲ ಕಡೆ ‘ಹಳ್ಳಿಖೇಡ (ಬಿ)’ ಎಂದೇ ಬರೆಯುತ್ತಾರೆ. ಹೊರಗಿನವರು ಈ ‘ಬಿ’ ಎಂದರೆ ಬೀದರ ಇರಬೇಕೆಂದು ತಿಳಿಯುತ್ತಾರೆ. ಅಲ್ಲ. ನಿಜಾಮರ ಕಾಲದ ಕಂದಾಯ ಕಡತಗಳ ಭಾಷೆಯಲ್ಲಿ ಅದು ಬುಜುರ್ಗ್, ಅಂದರೆ ಹಿರಿಯದು, ದೊಡ್ಡದು. ಅದರ ಜೋಡಿ ‘ಕೆ’, ಅಂದರೆ ಖುರ್ದ್, ಚಿಕ್ಕದು. ಹಳ್ಳಿ ಕನ್ನಡದ್ದು, ಖೇಡ ಮರಾಠಿಯದು, ಬುಜುರ್ಗ್ ಫಾರ್ಸಿಯದು. ಮೂರು ಭಾಷೆ ಕೂಡಿ ಒಂದು ಊರಾಗಿದೆ. ಹೆಸರಿನಲ್ಲೇ ಹಿರಿತನವನ್ನು ಇಟ್ಟುಕೊಂಡಿರುವ ಈ ಊರಿನಲ್ಲಿ, ವಯಸ್ಸಾದವರು ಹೊಸದೊಂದನ್ನು ಕಲಿಯಲು ಹೊರಟರೆ ಜನ ನಗುತ್ತಾರೆ ಎಂಬುದೇ ಈ ಲೇಖನಕ್ಕೆ ಕಾರಣ.

ನಮ್ಮ ಗೆಳೆಯರಲ್ಲಿ ಒಬ್ಬರು ದರ್ಜಿ. 42 ವರ್ಷ. ಲಾಕ್‌ಡೌನ್ ಮುಗಿದ ಮೇಲೆ ಹೈದರಾಬಾದಿಗೆ ಬಟ್ಟೆ ತರಲು ಹೋದವರು ಬಟ್ಟೆಯ ಗಂಟಿನ ಜೊತೆಗೆ ಒಂದು ಹಳೆಯ ಗಿಟಾರನ್ನೂ ತಂದರು. ಫೋನಿನಲ್ಲಿ ಎಲ್ಲೋ ಅಮೆರಿಕದ ಕರಿಯರ ಬ್ಲೂಸ್ ಕೇಳಿದ್ದರಂತೆ. ‘ಇದು ನಮ್ಮ ತತ್ವಪದದವರು ಹಾಡಿದ ಹಾಗೇ ಅದಲ್ರಿ’ ಎಂದು ನಮಗೂ ಕೇಳಿಸಿದರು. ರಾತ್ರಿ ಒಂಬತ್ತಕ್ಕೆ ಅಂಗಡಿಯ ಶಟರ್ ಅರ್ಧ ಇಳಿಸಿ ಅರ್ಧ ಗಂಟೆ ನುಡಿಸುತ್ತಾರೆ. ಊರಿನ ಪ್ರತಿಕ್ರಿಯೆ ಎರಡು ಬಗೆಯದು. ಒಂದು: ‘ಅಬ್ ಕ್ಯಾ ಸೀಖ್ತೇ ಮಿಯಾಂ, ಬಾಲಾಂ ಪಕ್ ಗಯೇ.’ ಇನ್ನೊಂದು ಸ್ವಲ್ಪ ಓದಿದವರದು: ‘ಎಷ್ಟು ದಿನದಾಗ ಬರ್ತದ್ರಿ?’

ಮೊದಲನೆಯದು ಬರಿಯ ಕುಹಕ. ಅದಕ್ಕೆ ಉತ್ತರ ಕೊಡುವುದು ಸುಲಭ. ನಮಗೆ ಹೆಚ್ಚು ಸಿಟ್ಟು ಬರಿಸುವುದು ಎರಡನೆಯದು. ಅದು ಮುಗ್ಧ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಅದರೊಳಗೆ ಒಂದು ತೀರ್ಪು ಅಡಗಿದೆ: ಬೇಗ ಬಂದರೆ ಮಾತ್ರ ಕಲಿಕೆಗೆ ಬೆಲೆ, ತಡವಾಗುವುದಾದರೆ ಅದು ದಂಡ.

ಹಾಗೆಂದು ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳುವುದಿಲ್ಲ. ಎಷ್ಟು ದಿನ ಬೇಕು ಎಂಬುದಕ್ಕೆ ನಾವು ಕಂಡಂತೆ ಉತ್ತರ ಹೀಗಿದೆ. ಇದು ನಮ್ಮ ಅಂದಾಜೇ ಹೊರತು ಯಾವ ಸಂಶೋಧನೆಯ ಫಲಿತಾಂಶವೂ ಅಲ್ಲ. ದಿನಕ್ಕೆ ಅರ್ಧ ಗಂಟೆ ತಪ್ಪದೆ ಕೂತರೆ ಮೊದಲ ಮೂರು-ನಾಲ್ಕು ವಾರ ಬೆರಳ ತುದಿಯ ನೋವಿನಲ್ಲೇ ಹೋಗುತ್ತದೆ. ಆಮೇಲೆ ಚರ್ಮ ಗಟ್ಟಿಯಾಗುತ್ತದೆ. (ನಮ್ಮ ದರ್ಜಿಗೆ ಕತ್ತರಿ ಹಿಡಿದು ಬಲಗೈ ಗಟ್ಟಿಯಾಗಿತ್ತು, ತಂತಿ ಒತ್ತಬೇಕಾದ್ದು ಎಡಗೈ. ದೇವರು ಎಲ್ಲವನ್ನೂ ಒಂದೇ ಕೈಗೆ ಕೊಡುವುದಿಲ್ಲ.) ಮೂರು ಸ್ವರಮೇಳಗಳನ್ನು ತಡವರಿಸದೆ ಬದಲಿಸಲು ಎರಡು-ಮೂರು ತಿಂಗಳು. ಬ್ಲೂಸಿನ ಹನ್ನೆರಡು ಅಳತೆಯ ಒಂದು ಸುತ್ತನ್ನು ಲಯ ಬಿಡದೆ ಸುತ್ತಲು ನಾಲ್ಕರಿಂದ ಆರು ತಿಂಗಳು. ಆಮೇಲಿನದಕ್ಕೆ ತಿಂಗಳ ಲೆಕ್ಕ ನಡೆಯುವುದಿಲ್ಲ. ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರವನ್ನು ಅದು ನಿಲ್ಲಬೇಕಾದ ಜಾಗದಲ್ಲೇ ನಿಲ್ಲಿಸಲು ಒಂದೆರಡು ವರ್ಷ ಬೇಕು. ಇನ್ನೊಬ್ಬರ ಜೊತೆ ಕೂತು, ಅವರು ಹೇಳಿದ್ದಕ್ಕೆ ತಂತಿಯಲ್ಲಿ ಉತ್ತರ ಕೊಡಲು ಮೂರು ವರ್ಷವಾದರೂ ಬೇಕು. ಅಲ್ಲಿಂದ ಮುಂದೆ ಆಯುಷ್ಯ ಇದ್ದಷ್ಟು.

ಬ್ಲೂಸ್ ಎಂದರೆ ಏನೋ ದೂರದ್ದು ಎಂದುಕೊಳ್ಳುವವರಿಗೆ ಎರಡು ಮಾತು. ಅದರ ಸಾಮಾನ್ಯ ಚೌಕಟ್ಟು ನಮ್ಮ ಹಾರ್ಮೋನಿಯಂ ಪೆಟ್ಟಿಗೆಯವರಿಗೆ ಐದು ನಿಮಿಷದಲ್ಲಿ ತಿಳಿಯುವಂಥದ್ದು. ಷಡ್ಜದ ಮೇಲೆ ಕಟ್ಟಿದ ಸ್ವರಮೇಳ ನಾಲ್ಕು ಅಳತೆ, ಮಧ್ಯಮದ್ದು ಎರಡು, ಮತ್ತೆ ಷಡ್ಜ ಎರಡು, ಪಂಚಮ ಒಂದು, ಮಧ್ಯಮ ಒಂದು, ಕೊನೆಗೆ ಷಡ್ಜ ಎರಡು. ಒಟ್ಟು ಹನ್ನೆರಡು. ಹಾಡಿನ ಮೊದಲ ಸಾಲನ್ನು ಎರಡು ಸಲ ಹೇಳುತ್ತಾರೆ, ಮೂರನೆಯ ಸಾಲು ಅದಕ್ಕೆ ಉತ್ತರ. ಮುಂದಾಳು ಹೇಳಿದ್ದನ್ನು ಮೇಳ ತಿರುಗಿ ಹೇಳುವ ಭಜನೆಯನ್ನು ಕೇಳಿ ಬೆಳೆದವರಿಗೆ ಇದು ಅಪರಿಚಿತವೇ? ಇನ್ನು ಬ್ಲೂಸಿನ ಜೀವ ಇರುವುದು ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವಿನ ಒಂದು ಇಕ್ಕಟ್ಟಿನ ಜಾಗದಲ್ಲಿ. ಪಿಯಾನೋದ ಮನೆಗಳಲ್ಲಿ ಆ ಸ್ವರ ಇಲ್ಲ, ತಂತಿಯನ್ನು ಎಳೆದೇ ಅದನ್ನು ಮುಟ್ಟಬೇಕು. ನಾವು ಮೀಂಡ್ ಎನ್ನುವುದರ ಅಣ್ಣ-ತಮ್ಮ ಅದು. ಉರುಸಿನ ಕವ್ವಾಲಿ, ವಾರಕರಿಗಳ ಅಭಂಗ, ಮಾಣಿಕನಗರದ ಭಜನೆ ಕೇಳಿ ಬೆಳೆದ 40 ವರ್ಷದ ಕಿವಿಗೆ ಆ ಜಾಗ ಗೊತ್ತು. ಬೆರಳಿಗೆ ಮಾತ್ರ ಗೊತ್ತಿಲ್ಲ. ಹತ್ತು ವರ್ಷದ ಹುಡುಗನಿಗೆ ಬೆರಳು ಬೇಗ ಬಗ್ಗುತ್ತದೆ ಎಂಬುದು ನಿಜ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಾವ ಸ್ವರಕ್ಕೆ ಬಗ್ಗಬೇಕು ಎಂದು ತಿಳಿದ ಕಿವಿ ಅವನಿಗೆ ಇನ್ನೂ ಬಂದಿರುವುದಿಲ್ಲ.

ಈಗ ಓದಿದವರ ವಾದಕ್ಕೆ ಬರೋಣ. ಯಾವ ವಿದ್ಯೆಗಾದರೂ ಹತ್ತು ಸಾವಿರ ಗಂಟೆ ಬೇಕು ಎಂಬ ಮಾತು 2008ರಲ್ಲಿ ಮಾಲ್ಕಂ ಗ್ಲಾಡ್‌ವೆಲ್ ಬರೆದ ಪುಸ್ತಕದಿಂದ ಜಗತ್ತಿನ ತುಂಬ ಹರಡಿತು. ನಮ್ಮ ಕಡೆಯ ಕೋಚಿಂಗ್ ಕ್ಲಾಸಿನವರೂ ಅದನ್ನು ಗೋಡೆಗೆ ಬರೆಸುತ್ತಾರೆ. ಅದರ ಮೂಲ 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ. ಅತ್ಯುತ್ತಮ ಗುಂಪಿನವರು 20ನೆಯ ವಯಸ್ಸಿಗೆ ಸರಾಸರಿ ಅಷ್ಟು ಅಭ್ಯಾಸ ಮಾಡಿದ್ದರು ಎಂಬುದಷ್ಟೇ ಅದರಲ್ಲಿದ್ದದ್ದು. ಅದೊಂದು ಸರಾಸರಿ, ದಾಟಲೇಬೇಕಾದ ಹೊಸ್ತಿಲಲ್ಲ ಎಂದು ಎರಿಕ್ಸನ್ ಅವರೇ ಮುಂದೆ ಮತ್ತೆ ಮತ್ತೆ ಹೇಳಬೇಕಾಯಿತು. ಯಾರು ಕೇಳಿಸಿಕೊಂಡರು? ನಮ್ಮ ದರ್ಜಿಯ ಲೆಕ್ಕ ಹಾಕಿ ನೋಡಿ. ದಿನಕ್ಕೆ ಅರ್ಧ ಗಂಟೆಯಂತೆ ಹತ್ತು ಸಾವಿರ ಗಂಟೆಗೆ 20,000 ದಿನ, ಅಂದರೆ ಸುಮಾರು 55 ವರ್ಷ. ಅವರು 97ನೆಯ ವಯಸ್ಸಿನಲ್ಲಿ ತಯಾರಾಗುತ್ತಾರೆ. ಜಗತ್ತಿನ ಶ್ರೇಷ್ಠ ಪಿಟೀಲುವಾದಕರ ಅಳತೆಗೋಲನ್ನು ತಂದು, ಅಂಗಡಿ ಮುಚ್ಚಿದ ಮೇಲೆ ಒಂದು ಹಾಡು ನುಡಿಸಬೇಕೆನ್ನುವ ಮನುಷ್ಯನ ಬೆನ್ನಿಗೆ ಹೊಡೆಯುವ ವಿದ್ವತ್ತು ಇದು. ಇದರ ಇನ್ನೊಂದು ಮುಖವೇ ‘30 ದಿನಗಳಲ್ಲಿ ಗಿಟಾರ್’ ಎಂಬ ಜಾಹೀರಾತು. ಒಬ್ಬ 55 ವರ್ಷ ಎಂದು ಹೆದರಿಸುತ್ತಾನೆ, ಇನ್ನೊಬ್ಬ 30 ದಿನ ಎಂದು ಆಸೆ ಹುಟ್ಟಿಸುತ್ತಾನೆ. ಮೂವತ್ತೊಂದನೆಯ ದಿನ ಗಿಟಾರ್ ಅಲ್ಮೇರಾದ ಮೇಲೆ ಹೋಗಿ ಧೂಳು ತಿನ್ನುತ್ತದೆ, ಕಲಿಯುವವನು ತಪ್ಪು ತನ್ನದೇ ಎಂದು ತಿಳಿದು ಸುಮ್ಮನಾಗುತ್ತಾನೆ.

ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಗ್ಯಾರಿ ಮಾರ್ಕಸ್ 40ರ ಹೊಸ್ತಿಲಲ್ಲಿ ಗಿಟಾರ್ ಹಿಡಿದು, ಆ ಅನುಭವವನ್ನು 2012ರಲ್ಲಿ ‘ಗಿಟಾರ್ ಝೀರೋ’ ಎಂಬ ಪುಸ್ತಕವಾಗಿ ಬರೆದರು. ತಾಳವೇ ಬರದ ಮನುಷ್ಯ ತಾನು ಎಂದು ಅವರೇ ಹೇಳಿಕೊಂಡಿದ್ದಾರೆ. ಆದರೂ ಕಲಿತರು. ವಯಸ್ಸಾದವರ ಮೆದುಳು ಕಲ್ಲಾಗಿರುವುದಿಲ್ಲ ಎಂಬುದಕ್ಕೆ ಈ ಪುಸ್ತಕವನ್ನು ಎತ್ತಿ ತೋರಿಸುವವರಿದ್ದಾರೆ. ಒಳ್ಳೆಯದೇ. ಆದರೆ ಆ ಪುಸ್ತಕದಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ ಎರಡು ಸಂಗತಿ. ಅವರಿಗೆ ವಿಶ್ವವಿದ್ಯಾಲಯದಿಂದ ಸಂಬಳದ ರಜೆ ಇತ್ತು. ಮತ್ತು ಅವರು ಒಬ್ಬರೇ ಕೂತು ಕಲಿಯಲಿಲ್ಲ, ಮಕ್ಕಳ ಬೇಸಿಗೆ ಶಿಬಿರಕ್ಕೂ ಹೋಗಿ ಮಕ್ಕಳ ಜೊತೆ ನಿಂತು ನುಡಿಸಿದರು. ಅಂದರೆ ಅವರಿಗೆ ಪುರಸೊತ್ತು ಇತ್ತು, ಸಂಗಡಿಗರೂ ಇದ್ದರು. ನಮ್ಮ ಊರಿನಲ್ಲಿ ಈ ಎರಡೂ ಇಲ್ಲ. ಇಲ್ಲದಿರುವುದು ಇವೆರಡು, ಅಪವಾದ ಹೊತ್ತದ್ದು ಮಾತ್ರ ವಯಸ್ಸು!

ಪುರಸೊತ್ತಿನ ಮಾತು ಮೊದಲು. ಬೀದರ್ ಸಹಕಾರ ಸಕ್ಕರೆ ಕಾರ್ಖಾನೆ ನಮ್ಮ ಊರಿನದು. ಅದು ನಡೆಯುತ್ತಿದ್ದ ಕಾಲದಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಪಾಳಿಯ ಮೇಲೆ ಪಾಳಿ, ಹಗಲಿಗೂ ರಾತ್ರಿಗೂ ವ್ಯತ್ಯಾಸವಿರಲಿಲ್ಲ. ಹೊಲದ ಕೆಲಸ, ಹಮಾಲಿ, ಡ್ರೈವರಿಕೆ, ಹೈದರಾಬಾದಿನ ಕೂಲಿ — ಇಂಥ ದುಡಿಮೆಯಲ್ಲಿ ಇರುವವನಿಗೆ ‘ಎಷ್ಟು ವರ್ಷ ಬೇಕು’ ಎಂಬುದು ಪ್ರಶ್ನೆಯೇ ಅಲ್ಲ, ಇವತ್ತಿನ ಅರ್ಧ ಗಂಟೆ ಎಲ್ಲಿಂದ ತರುವುದು ಎಂಬುದು ಪ್ರಶ್ನೆ. ಹೆಂಗಸರ ಪಾಡು ಇನ್ನೂ ಬಿಗಿ. ನಮ್ಮ ದರ್ಜಿ ಒಂಬತ್ತೂವರೆಗೆ ಗಿಟಾರ್ ಕೆಳಗಿಟ್ಟು ಮನೆಗೆ ಹೋಗುವಾಗ, ಅವರ ಹೆಂಡತಿ ಸೀರೆಗಳಿಗೆ ಫಾಲ್ ಹಚ್ಚುವ ಕೆಲಸ ಇನ್ನೂ ಮುಗಿಸಿರುವುದಿಲ್ಲ. ಮದುವೆ ಮನೆಯಲ್ಲಿ ಢೋಲಕ್ ಮುಂದಿಟ್ಟರೆ ಅವರ ಕೈ ಗಂಡನ ಕೈಗಿಂತ ಗಟ್ಟಿ ಲಯದ್ದು. ಗಿಟಾರ್ ಅವರ ಕೈಗೆ ಏಕೆ ಬರಲಿಲ್ಲ ಎಂದು ಯಾರೂ ಕೇಳಿಲ್ಲ. ನಿಜ ಹೇಳಬೇಕೆಂದರೆ ನಾವೂ ಬಹಳ ದಿನ ಕೇಳಿರಲಿಲ್ಲ.

ಇಲ್ಲಿ ಎಲಿಜಬೆತ್ ಕಾಟನ್ ಎಂಬ ಕರಿಯ ಹೆಣ್ಣುಮಗಳ ಕತೆ ಹೇಳಲೇಬೇಕು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದವರು. ಎಡಗೈಯವರು. ಬಾಲ್ಯದಲ್ಲಿ ಬಲಗೈಯವರ ಗಿಟಾರನ್ನೇ ತಲೆಕೆಳಗಾಗಿ ಹಿಡಿದು ತಾವೇ ಕಲಿತರು. ಮದುವೆ, ಮಗು, ಕಂಡವರ ಮನೆಯ ಕೆಲಸ ಎಂದು ದಶಕಗಳ ಕಾಲ ಗಿಟಾರ್ ದೂರವಾಯಿತು. ವಾಷಿಂಗ್ಟನ್ನಿನಲ್ಲಿ ಸೀಗರ್ ಎಂಬ ಸಂಗೀತಗಾರರ ಕುಟುಂಬದಲ್ಲಿ ಮನೆಗೆಲಸಕ್ಕೆ ಸೇರಿದಾಗ ಆ ಮನೆಯ ಗೋಡೆಗಳೇ ವಾದ್ಯಗಳಿಂದ ತುಂಬಿದ್ದವು. ಅಲ್ಲಿ ಮತ್ತೆ ಕೈಗೆತ್ತಿಕೊಂಡರು. ಮೊದಲ ಧ್ವನಿಮುದ್ರಿಕೆ ಬಂದದ್ದು 1958ರಲ್ಲಿ, 60 ದಾಟಿದ ಮೇಲೆ. ಗ್ರ್ಯಾಮಿ ಪ್ರಶಸ್ತಿ ಬಂದಾಗ 90ರ ಆಸುಪಾಸು. ಈಗ ಹೇಳಿ, ಕಾಟನ್ ಗಿಟಾರ್ ಕಲಿಯಲು ಎಷ್ಟು ವರ್ಷ ತೆಗೆದುಕೊಂಡರು? ಬೆರಳಿನ ಲೆಕ್ಕ ಹಾಕಿದರೆ ಕೆಲವೇ ವರ್ಷ. ಉಳಿದ ದಶಕಗಳನ್ನು ಯಾರು ತೆಗೆದುಕೊಂಡರು ಎಂದು ಕೇಳಬೇಕು.

ಇನ್ನು ಸಂಗಡಿಗರ ಮಾತು. ‘ತಾನೇ ಕಲಿತ’ ಎಂಬ ಪದದ ಮೇಲೆ ನಮಗೆ ನಂಬಿಕೆ ಕಡಿಮೆ. ಬ್ಲೂಸಿನ ದೊಡ್ಡ ದಂತಕತೆ ರಾಬರ್ಟ್ ಜಾನ್ಸನ್. ನುಡಿಸಲು ಬಾರದ ಹುಡುಗನಾಗಿ ಊರು ಬಿಟ್ಟು ಹೋದವನು ತಿರುಗಿ ಬಂದಾಗ ಹಿರಿಯ ವಾದಕ ಸನ್ ಹೌಸ್ ಬೆರಗಾಗುವಂತೆ ನುಡಿಸಿದ. ಕೂಡುರಸ್ತೆಯಲ್ಲಿ ಸೈತಾನನಿಗೆ ಆತ್ಮ ಮಾರಿ ವಿದ್ಯೆ ತಂದ ಎಂದು ಜನ ಕತೆ ಕಟ್ಟಿದರು. ಸಂಶೋಧಕರು ಹುಡುಕಿದಾಗ ಸಿಕ್ಕಿದ್ದು ಸೈತಾನನಲ್ಲ, ಐಕ್ ಜಿಮ್ಮರ್‌ಮನ್ ಎಂಬ ಒಬ್ಬ ಗುರು. ರಾತ್ರಿ ಹೊತ್ತು ಯಾರಿಗೂ ತೊಂದರೆಯಾಗದಿರಲೆಂದು ಗೋರಿಗಳ ನಡುವೆ ಕೂರಿಸಿ ಕಲಿಸುತ್ತಿದ್ದನಂತೆ. ಜಾನ್ಸನ್ 1936 ಮತ್ತು 1937ರಲ್ಲಿ ಮುದ್ರಿಸಿದ 29 ಹಾಡುಗಳ ಹಿಂದೆ ಆ ರಾತ್ರಿಗಳಿವೆ. ಬಡವರ ವಿದ್ಯೆಯ ಹಿಂದೆ ಒಬ್ಬ ಗುರು ಇರಬಹುದೆಂದು ನಂಬುವುದಕ್ಕಿಂತ ಸೈತಾನ ಇದ್ದಾನೆಂದು ನಂಬುವುದು ಲೋಕಕ್ಕೆ ಸುಲಭ.

ನಮ್ಮ ಸೀಮೆಯ ಉದಾಹರಣೆ ಇದಕ್ಕಿಂತ ಹತ್ತಿರದ್ದು. ಕಡಕೋಳ ಮಡಿವಾಳಪ್ಪನವರ ಶಿಷ್ಯ ಬಳಗದಲ್ಲಿ ಚೆನ್ನೂರ ಜಲಾಲ್‌ಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು, ಅರಳಗುಂಡಗಿಯ ಭಾಗಮ್ಮ ಇದ್ದರು. ಜಾತಿ, ಮತ, ಹೆಣ್ಣು, ಗಂಡು ಎಂಬ ಅಡ್ಡಗೋಡೆ ಆ ಬಳಗಕ್ಕೆ ಇರಲಿಲ್ಲ. ಅವರ ಪದಗಳನ್ನು ಇವತ್ತಿಗೂ ಏಕತಾರಿ ಹಿಡಿದು ಹಾಡುವವರಲ್ಲಿ ಎಷ್ಟೋ ಜನ ಯಾವ ಶಾಲೆಯಲ್ಲೂ ಕಲಿತವರಲ್ಲ. ಹಗಲು ಹೊಲದಲ್ಲಿದ್ದು, ರಾತ್ರಿ ಮೇಳದ ಹಿಂದಿನ ಸಾಲಿನಲ್ಲಿ ಕೂತು, ಮೊದಲು ತಾಳ ಬಾರಿಸಿ, ಆಮೇಲೆ ಸೊಲ್ಲು ಎತ್ತಿ, ವರ್ಷ ಕಳೆದಂತೆ ಮುಂದಿನ ಸಾಲಿಗೆ ಬಂದವರು. ಮೊಹರಂ ಬಂದರೆ ರಿವಾಯತ್ ಪದಗಳ ಮೇಳಗಳಲ್ಲೂ ಹೀಗೆಯೇ. ನಡು ವಯಸ್ಸಿನವನು ಮೇಳಕ್ಕೆ ಹೊಸದಾಗಿ ಸೇರಿದರೆ ‘ನಿನಗೆ ಎಷ್ಟು ದಿನದಾಗ ಬರ್ತದ’ ಎಂದು ಯಾರೂ ಕೇಳುವುದಿಲ್ಲ, ‘ಬಾ, ಕೂಡು’ ಎನ್ನುತ್ತಾರೆ. ದಖ್ಖನಿನ ಹೆಂಗಸರು ಬೀಸುವಾಗ ಹಾಡುತ್ತಿದ್ದ ಸೂಫಿ ಚಕ್ಕೀನಾಮಾಗಳ ಬಗ್ಗೆ ಇತಿಹಾಸಕಾರ ರಿಚರ್ಡ್ ಈಟನ್ 1978ರಷ್ಟು ಹಿಂದೆಯೇ ಬರೆದಿದ್ದಾರೆ. ಬೀಸುವ ಕಲ್ಲು ಅವರ ತಾಳ, ಎದುರು ಕೂತು ಬೀಸುವವಳೇ ಸಂಗಡಿಗಳು. ದುಡಿಮೆಯ ಜೊತೆಗೇ ಹಾಡು ಹುಟ್ಟಿದ್ದು ಮಿಸಿಸಿಪ್ಪಿಯ ಹತ್ತಿ ಹೊಲದಲ್ಲಿ ಮಾತ್ರ ಅಲ್ಲ.

ಏಕತಾರಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ಗಿಟಾರ್ ಕೊಳ್ಳಲು ಹಣವಿಲ್ಲದ ಮಿಸಿಸಿಪ್ಪಿಯ ಮಕ್ಕಳು ಮನೆಯ ಗೋಡೆಗೆ ಎರಡು ಮೊಳೆ ಹೊಡೆದು, ಒಂದು ತಂತಿ ಬಿಗಿದು, ಕೆಳಗೆ ಬಾಟಲಿ ಸಿಕ್ಕಿಸಿ ನುಡಿಸುತ್ತಿದ್ದರು. ಆಫ್ರಿಕದ ಮಾಲಿ ದೇಶದ ಅಲಿ ಫರ್ಕಾ ತೂರೆ (1939–2006) ಗಿಟಾರಿಗೂ ಮುಂಚೆ ಹಿಡಿದದ್ದು ಒಂಟಿ ತಂತಿಯ ವಾದ್ಯವನ್ನೇ. ಅವರು ಮುಸಲ್ಮಾನರು, ರೈತರು, ಹಾಡುಗಾರರ ಕುಲದವರಲ್ಲ. ನಮ್ಮ ಮನೆತನದಲ್ಲಿ ಇದು ಇಲ್ಲ ಎಂಬ ವಿರೋಧ ಅವರಿಗೂ ಇತ್ತು. ರೈ ಕೂಡರ್ ಜೊತೆಗೂಡಿ 1994ರಲ್ಲಿ ಅವರು ಹೊರತಂದ ‘ಟಾಕಿಂಗ್ ಟಿಂಬಕ್ಟು’ ಗ್ರ್ಯಾಮಿ ಪಡೆಯಿತು. ಅದೇ ಕೂಡರ್ ಅದಕ್ಕೂ ಹಿಂದಿನ ವರ್ಷ ನಮ್ಮ ವಿಶ್ವಮೋಹನ ಭಟ್ಟರ ಜೊತೆ ಕೂತು ನುಡಿಸಿದ್ದರು. 2004ರಲ್ಲಿ ತೂರೆ ತಮ್ಮ ಊರಾದ ನಿಯಾಫುಂಕೆಯ ಮೇಯರ್ ಆದರು. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಮುಸಲ್ಮಾನರ ಬಗ್ಗೆ 1998ರಲ್ಲಿ ಪುಸ್ತಕ ಬರೆದ ಇತಿಹಾಸಕಾರ್ತಿ ಸಿಲ್ವಿಯಾನ್ ಡಿಯೂಫ್, ಕರಿಯ ಕೂಲಿಕಾರರ ಹೊಲದ ಕೂಗನ್ನೂ ಅಜಾನನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿಸುತ್ತಿದ್ದರು. ಸ್ವರ ಎಳೆಯುವ, ನಡುಗಿಸುವ ರೀತಿಯಲ್ಲಿ ಇರುವ ಹೋಲಿಕೆ ಕೇಳಿದವರಿಗೆ ತಿಳಿಯುತ್ತದೆ. ಬ್ಲೂಸಿನಲ್ಲಿ ಈ ಪಾಲು ಎಷ್ಟು ದೊಡ್ಡದೆಂಬ ಬಗ್ಗೆ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಆದರೆ ಇದು ನಮಗೆ ಸಂಬಂಧವೇ ಇಲ್ಲದ ಹೊರಗಿನವರ ಗದ್ದಲ ಎನ್ನುವವರು ಅಷ್ಟನ್ನಾದರೂ ಕೇಳಿಸಿಕೊಳ್ಳಲಿ.

ವಾದ್ಯ ಸಲ್ಲದು ಎಂದು ಪ್ರಾಮಾಣಿಕವಾಗಿ ನಂಬಿ, ತಮ್ಮ ಮನೆಯ ಮದುವೆಯಲ್ಲೂ ಹಾಗೆಯೇ ನಡೆದುಕೊಳ್ಳುವವರ ಜೊತೆ ನಮಗೆ ಜಗಳವಿಲ್ಲ. ಅದು ಅವರ ಮತ್ತು ಅವರ ದೇವರ ನಡುವಿನದು. ಸಮಾದ ಬಗ್ಗೆ ಗಜಾಲಿಯವರ ಕಾಲದಿಂದ ನಡೆದ ಚರ್ಚೆಯನ್ನು, ಕಲಬುರಗಿಯ ಖ್ವಾಜಾ ಬಂದೇನವಾಜರ (1321–1422) ಚಿಶ್ತಿ ಪರಂಪರೆ ಅದರಲ್ಲಿ ಯಾವ ಕಡೆ ನಿಂತಿತೆಂಬುದನ್ನು ಬಲ್ಲವರು ಬಲ್ಲರು. ನಮ್ಮ ಜಗಳ ಇರುವುದು ಮಗನ ಮದುವೆಗೆ ಬ್ಯಾಂಡು, ಡಿಜೆ ತರಿಸಿ ಬೀದಿ ನಡುಗಿಸಿ, ಮರುದಿನ ದರ್ಜಿಯ ಅಂಗಡಿ ಮುಂದೆ ನಿಂತು ‘ಈ ವಯಸ್ಸಿನಾಗ ಮಾನ ಬಿಟ್ಟು ಗಿಟಾರೇನ್ರಿ’ ಎನ್ನುವವರ ಜೊತೆ. ಕೂಲಿ ಕೊಟ್ಟು ನುಡಿಸಿಕೊಂಡರೆ ಮಾನ, ತಾನೇ ನುಡಿಸಿದರೆ ಅವಮಾನ. ಇದರಲ್ಲಿ ಧರ್ಮ ಎಲ್ಲಿದೆ? ನುಡಿಸುವವರು ಕೀಳು, ನುಡಿಸಿಕೊಳ್ಳುವವರು ಮೇಲು ಎಂಬ ಹಳೆಯ ಜಾತಿಯ ಲೆಕ್ಕವಷ್ಟೇ ಇದೆ. ಅದು ಹಿಂದೂಗಳಲ್ಲಿ ಎಷ್ಟಿದೆಯೋ ನಮ್ಮಲ್ಲೂ ಅಷ್ಟೇ ಇದೆ.

ಫೋನಿನ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಗಿಟಾರ್ ಕಲಿಸುವವರಿಲ್ಲದ ಊರಿಗೆ ಅದು ಗುರುವನ್ನು ತಂದುಕೊಟ್ಟಿದೆ, ಅದರ ಉಪಕಾರ ಸಣ್ಣದಲ್ಲ. ಆದರೆ ಆ ಗುರು ನಮಗೆ ಕೇಳಿಸುತ್ತಾನೆ, ನಾವು ಅವನಿಗೆ ಕೇಳಿಸುವುದಿಲ್ಲ. ನಮ್ಮ ದರ್ಜಿ ಎಂಟು ತಿಂಗಳ ಕಾಲ ಒಂದು ತಂತಿಯನ್ನು ಸ್ವಲ್ಪ ಇಳಿಸಿಯೇ ಶ್ರುತಿ ಮಾಡುತ್ತಿದ್ದರು. ಫೋನು ಏನೂ ಹೇಳಲಿಲ್ಲ. ಒಂದು ದಿನ ಪ್ಯಾಂಟು ಗಿಡ್ಡ ಮಾಡಿಸಲು ಬಂದ, ಭಜನೆಗೆ ಪೆಟ್ಟಿಗೆ ಬಾರಿಸುವ ಮುದುಕರೊಬ್ಬರು ಬಾಗಿಲಲ್ಲೇ ನಿಂತು, ‘ಯಜಮಾನ್ರೇ, ನಿಮ್ಮ ನಾಕನೇ ತಾರ ಇಳದದ ನೋಡ್ರಿ’ ಎಂದರು. ಎಂಟು ತಿಂಗಳ ತಪ್ಪು ಅರ್ಧ ನಿಮಿಷದಲ್ಲಿ ಹೋಯಿತು. ಅವರಿಗೆ ಗಿಟಾರ್ ಗೊತ್ತಿಲ್ಲ, ಬ್ಲೂಸ್ ಎಂಬ ಹೆಸರನ್ನೂ ಕೇಳಿಲ್ಲ. ಕಿವಿ ಇತ್ತು, ಎದುರಿಗೆ ನಿಂತಿದ್ದರು. ಆಮೇಲೆ ಅವರು ಗುರುವಾರಕ್ಕೊಮ್ಮೆ ಪೆಟ್ಟಿಗೆ ಹೊತ್ತು ಬರತೊಡಗಿದರು. ಮುಂದಿನ ಆರು ತಿಂಗಳಲ್ಲಿ ಆದದ್ದು ಹಿಂದಿನ ಎಂಟು ತಿಂಗಳಿಗೆ ಹೋಲಿಸುವಂಥದ್ದಲ್ಲ.

ಆದ್ದರಿಂದ ಎಷ್ಟು ದಿನ ಬೇಕು ಎಂದು ಕೇಳುವ ಊರಿನ ಹಿರಿಯರನ್ನು ನಾವು ತಿರುಗಿ ಕೇಳುತ್ತಿದ್ದೇವೆ: ನೀವು ಎಷ್ಟು ಗಂಟೆ ಕೊಡುತ್ತೀರಿ, ಎಲ್ಲಿ ಕೊಡುತ್ತೀರಿ? ಸಂಜೆ ಐದರ ಮೇಲೆ ಶಾಲೆಯ ಕೋಣೆಗಳಿಗೆ ಬೀಗ ಬೀಳುತ್ತದೆ. ಸಮುದಾಯ ಭವನ ಎಂದು ಕಟ್ಟಿದವು ಮದುವೆಗೂ ಚುನಾವಣಾ ಸಭೆಗೂ ಮಾತ್ರ ತೆರೆಯುತ್ತವೆ. ಸಂಗೀತ ಶಿಬಿರ ಎಂದರೆ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ, ಅದೂ ಪಟ್ಟಣಗಳಲ್ಲಿ. ಪಕ್ಕದ ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817–1865) ಕಾಲದಿಂದ ಸಂಗೀತ ದರ್ಬಾರು ನಡೆದುಬಂದಿದೆ, ದತ್ತ ಜಯಂತಿಗೆ ದೊಡ್ಡ ದೊಡ್ಡ ಕಲಾವಿದರು ಅಲ್ಲಿ ಬಂದು ಹಾಡುತ್ತಾರೆ, ನಾವೂ ಹೋಗಿ ಕೇಳುತ್ತೇವೆ. ಕೇಳಲು ಜಾಗವಿರುವ ಸೀಮೆ ಇದು, ಕೂತು ತಪ್ಪು ನುಡಿಸಲು ಜಾಗವಿಲ್ಲದ ಸೀಮೆಯೂ ಇದೇ.

ನಾವು ಕೇಳುವುದು ವಾರಕ್ಕೆ ಎರಡು ಸಂಜೆ, ಒಂದು ಕೋಣೆ, ಒಂದು ಬಲ್ಬು, ಒಂದು ಚಾಪೆ. ಅದರಲ್ಲಿ ಒಂದು ಸಂಜೆ ಹೆಂಗಸರಿಗೆ, ಆ ಹೊತ್ತಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ಗಂಡಸರದು. ವಾದ್ಯ ನಾವು ತರುತ್ತೇವೆ. ಏಕತಾರಿ, ಪೆಟ್ಟಿಗೆ, ಢೋಲಕ್, ದರ್ಜಿಯ ಹಳೆಯ ಗಿಟಾರ್ ಎಲ್ಲವೂ ಒಂದೇ ಕೋಣೆಯಲ್ಲಿ ಕೂಡಲಿ. ಈ ಬಗ್ಗೆ ಒಂದು ಅರ್ಜಿ ಬರೆದು ಸಹಿ ಹಾಕಿಸುತ್ತಿದ್ದೇವೆ. ಮೊನ್ನೆಯವರೆಗೆ ಹದಿನೇಳು ಸಹಿ ಬಿದ್ದಿವೆ. ಅದರಲ್ಲಿ ನಾಲ್ಕು ಹೆಬ್ಬೆಟ್ಟು. ಹದಿನೆಂಟನೆಯದು ಫಾಲ್ ಹಚ್ಚುವ ಕೈಯದು, ನಿನ್ನೆ ರಾತ್ರಿ ಬಿತ್ತು.